ಹೊರಸಿನ ಕೆಳಗೆ ಕೆಂಡ, ಮೇಲೆ ತಂಪಿನ ಪರೀಕ್ಷೆ

೧೯೮೬ರಲ್ಲಿ ನಾನು ಶಾಲೆ ಬಿಟ್ಟೆ. ಎಂಟನೆಯ ಇಯತ್ತೆ, ಅದೂ ಅರ್ಧ. ಮನೆಯವರು ಬಿಡಿಸಿದರು ಎಂದು ಹೇಳಿ ಕರುಣೆ ಗಳಿಸುವ ಚಟ ನನಗಿಲ್ಲ, ನಾನಾಗಿಯೇ ಬಿಟ್ಟೆ. ಒಂದು ದಿನ ಮಧ್ಯಾಹ್ನದ ಬಿಡುವಿನಲ್ಲಿ ಶಾಲೆಯ ಹಿಂದಿನ ಗೋಡೆ ಜಿಗಿದು ಮನೆಗೆ ಬಂದವನು ಮತ್ತೆ ಆ ಗೋಡೆಯ ಒಳಗೆ ಹೋಗಲಿಲ್ಲ. ಅಪ್ಪ ಬೈಯಲಿಲ್ಲ. ಮಗ್ಗದ ಎಣ್ಣೆಯ ಡಬ್ಬಿ ಕೈಗೆ ಕೊಟ್ಟ, ಅಷ್ಟೇ. ಬನಹಟ್ಟಿಯಲ್ಲಿ ನೇಕಾರನ ಮಗನಿಗೆ ಅದೇ ಸರ್ಟಿಫಿಕೇಟು. ಅಂದಿನಿಂದ ದುಡಿದಿದ್ದೇನೆ. ಕೈಮಗ್ಗದಲ್ಲಿ ಕುಳಿತೆ, ಆಮೇಲೆ ಪಾವರ್‌ಲೂಮು ತಂದೆ, ಕೆಟ್ಟಾಗ ನಾನೇ ಬಿಚ್ಚಿ ನಾನೇ ಕೂಡಿಸಿದೆ. ನಾನು ನೇಯ್ದ ಸೀರೆಯನ್ನು ತಿರುವಿ ಹಾಕಿ ಒಂದು ಎಳೆ ತಪ್ಪು ತೋರಿಸಿದ ವ್ಯಾಪಾರಿ ಇನ್ನೂ ಹುಟ್ಟಿಲ್ಲ. ಜಂಬ ಎಂದರೆ ಜಂಬ.

ನನ್ನ ಮಗಳು ಮಾತ್ರ ಗೋಡೆಯ ಒಳಗೇ ಉಳಿದಳು. ಬನಹಟ್ಟಿಯ ಶಾಲೆ ಮುಗಿಸಿದಳು, ಜಮಖಂಡಿಯ ಕಾಲೇಜು ಮುಗಿಸಿದಳು, ಆಮೇಲೆ ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತೇನೆಂದು ದೂರದ ದೊಡ್ಡ ಸಂಸ್ಥೆಯೊಂದಕ್ಕೆ ಹೋದಳು. ಏನು ಓದುತ್ತಾಳೆ ಎಂದು ಓಣಿಯವರು ಕೇಳಿದರೆ, ‘ತಂಪು ಮಾಡೂದು’ ಎನ್ನುತ್ತಿದ್ದೆ. ನನಗೆ ಗೊತ್ತಿದ್ದದ್ದೇ ಅಷ್ಟು. ಪಕ್ಕದ ಮನೆಯವನು ನನ್ನ ಜೊತೆಯವನು, ಅವನದೂ ಮಗ್ಗದ ಮನೆ. ಚಹಾದ ಅಂಗಡಿಯಲ್ಲಿ ನಾಲ್ಕು ಮಂದಿಯ ಮುಂದೆ ಅವನು ಕೇಳಿದ:

“ಏನಲೇ, ಇಷ್ಟ ವರ್ಷ ಓದಿ ನಿನ್ನ ಮಗಳು ಫ್ರಿಜ್ ರಿಪೇರಿ ಕಲತಾಳೇನ? ನಮ್ಮ ಮನಿದೊಂದ ಕೆಟ್ಟ ಕುಂತೈತಿ, ಸೂಟಿಗಿ ಬಂದಾಗ ಕಳಸು.”

ನಗು ಬಂತು, ಮೈಯೂ ಉರಿಯಿತು. ಮಗಳನ್ನು ಕೇಳಿದರೆ ತಿಳಿಯದೆ ಹೋದೀತೆಂಬ ಅಂಜಿಕೆಯಿಂದ ಅಷ್ಟು ವರ್ಷ ಕೇಳಿಯೂ ಇರಲಿಲ್ಲ.

ಕೇಳಿದ್ದು ಅವಳು ಬಸುರಿಯಾಗಿ ಮನೆಗೆ ಬಂದ ಮೇಲೆ. ಮದುವೆಯಾಗಿ ಮುಧೋಳಕ್ಕೆ ಕೊಟ್ಟಿದ್ದೆವು. ಅಳಿಯ ಅಲ್ಲಿಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಾನೆ. ಮೊದಲ ಹೆರಿಗೆ ತವರಿನಲ್ಲಾಗುವುದು ನಮ್ಮಲ್ಲಿ ಕಾಯಿದೆ ಇದ್ದಂತೆ. ಕುಬಸದ ಕಾರ್ಯ, ಅಂದರೆ ಸೀಮಂತ, ಮುಗಿಸಿ, ಹಸಿರು ಬಳೆ ತೊಟ್ಟು, ಬಗಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಬಂದಳು. ಪ್ರಬಂಧ ಬರೆದು ಕೊಟ್ಟಾಗಿತ್ತು. ಕೊನೆಯ ಬಾಯಿಮಾತಿನ ಪರೀಕ್ಷೆಯೊಂದು ಬಾಕಿ. ಅದು ಹೆರಿಗೆಗೆ ಮೊದಲೇ ಆಗುತ್ತದೆ ಎಂದು ಹೇಳಿದ್ದಳು.

ಒಂದು ಬೆಳಿಗ್ಗೆ ನಾನು ಮಗ್ಗ ನಿಲ್ಲಿಸಿ, ಕಡಿದ ಹಾಸಿನ ಎಳೆ ಕೂಡಿಸುತ್ತಿದ್ದೆ. ಅವಳು ಬಂದು ಪಕ್ಕದ ಕಟ್ಟೆಯ ಮೇಲೆ ಕುಳಿತಳು. ನೀನು ಮಾಡುವುದು ಏನೆಂದು ನನಗೆ ತಿಳಿಯುವಂತೆ ಹೇಳಿಬಿಡು, ಪಕ್ಕದವನ ಬಾಯಿ ಮುಚ್ಚಿಸಬೇಕಾಗಿದೆ, ಎಂದೆ. ಅವಳು ನನ್ನ ಬೆರಳ ನಡುವಿನಿಂದ ಒಂದು ನೂಲು ಎಳೆದುಕೊಂಡಳು. ಈ ಎಳೆಯನ್ನು ಉದ್ದಕ್ಕೆ ಸೀಳಿ ಸೀಳಿ ಸಾವಿರ ಪಾಲು ಮಾಡಿದರೆ ಒಂದು ಪಾಲು ಎಷ್ಟಾಗುತ್ತದೋ, ತನ್ನ ಸಾಮಾನು ಅದಕ್ಕಿಂತ ಸಣ್ಣದು ಎಂದಳು. ವಿದ್ಯುತ್ತು ಎಂದರೆ ಇಲೆಕ್ಟ್ರಾನುಗಳ ಓಡಾಟ ಎಂಬುದು ಗೊತ್ತಿತ್ತು. ಅವು ಓಡುವಾಗ ಬಿಸಿಯನ್ನೂ ಹೊತ್ತುಕೊಂಡು ಹೋಗುತ್ತವೆ ಎಂಬುದು ನನಗೆ ಅಂದು ಗೊತ್ತಾಯಿತು. ದೊಡ್ಡ ತಂತಿಯಲ್ಲಿ ಎಲ್ಲವೂ ಜಾತ್ರೆಯಂತೆ ನುಗ್ಗುತ್ತವೆ. ಅಷ್ಟು ಸಣ್ಣ ಜಾಗದಲ್ಲಿ ಹಾಗೆ ನುಗ್ಗಲಾಗದು, ಒಂದೊಂದಾಗಿ ಹಾಯಬೇಕು, ಅದೂ ಇಂತಿಷ್ಟೇ ಕಸುವು ಇದ್ದದ್ದು ಮಾತ್ರ. ಇಷ್ಟು ಹೇಳಿ ನನ್ನ ಮುಖ ನೋಡಿದಳು. ಹಿಡಿತಕ್ಕೆ ಸಿಕ್ಕಿಲ್ಲ ಎಂದು ಕಂಡಿರಬೇಕು.

“ಅಪ್ಪಾ, ಸಾಲ್ಯಾಗ ಗದ್ಲ ಮಾಡೂ ಹುಡುಗ್ರ ಇರ್ತಾರಲಾ. ಹಿಂದಿನ ಗ್ವಾಡಿ ಜಿಗಿಯೂ ಕಸುವು ಯಾರಿಗಿ ಇರ್ತೈತಿ?”

“ಗದ್ಲ ಮಾಡಾವರಿಗೇ.”

“ಅವರು ಜಿಗದ ಹೋದ್ರಂದ್ರ ಒಳಗ ಉಳದಾವರು?”

“ತಣ್ಣಗ ಕುಂತಿರ್ತಾರ.”

“ಅಷ್ಟ ನೋಡು ನನ್ನ ಕೆಲಸ. ನೀ ಜಿಗದ ಮ್ಯಾಲೆ ನಿಮ್ಮ ಮಾಸ್ತರಿಗೆ ಎಷ್ಟ ತಂಪಾಗಿರಬೇಕ.”

ನಾನು ಬಹಳ ನಕ್ಕೆ. ಅವಳೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆದರೆ ತಿಳಿಯಿತು. ಬಿಸಿ ಎಂದರೆ ಗದ್ದಲ. ಗೋಡೆಯ ಎತ್ತರವನ್ನು ಸರಿಯಾಗಿ ಇಟ್ಟರೆ ಗದ್ದಲದವು ತಾವಾಗಿ ದಾಟಿ ಹೋಗುತ್ತವೆ, ಹಿಂದೆ ಉಳಿದದ್ದು ತಂಪು. ಫ್ಯಾನಿಲ್ಲ, ಗ್ಯಾಸಿಲ್ಲ, ತಿರುಗುವ ಗಾಲಿಯಿಲ್ಲ. ತಿರುಗಾ ಮುರುಗಾ ಮಾಡಿದರೂ ನಡೆಯುತ್ತದಂತೆ: ಒಂದು ಕಡೆ ಬಿಸಿ, ಒಂದು ಕಡೆ ತಂಪು ಇಟ್ಟರೆ ಅವೇ ಓಡಿ ಕರೆಂಟು ಹುಟ್ಟಿಸುತ್ತವೆ. ಇದೆಲ್ಲ ಯಾಕೆ ಬೇಕು ಎಂದೆ. ಮುಂದೆ ಬರುವ ಕಂಪ್ಯೂಟರುಗಳ ಹೊಟ್ಟೆಯೊಳಗೆ ಫ್ಯಾನಿನ ಗಾಳಿ ಮುಟ್ಟದ ಜಾಗಗಳಿರುತ್ತವೆ, ಅಲ್ಲಿ ತಂಪು ಒಳಗಿನಿಂದಲೇ ಹುಟ್ಟಬೇಕು ಎಂದಳು.

ನಾನು ಯಂತ್ರ ಬಿಚ್ಚಿ ಕೂಡಿಸುವವನು. ಸುಮ್ಮನಿರಲಾಗದೆ ಕೇಳಿದೆ, ಜಿಗಿದು ಹೋದವು ಎಲ್ಲಿ ಹೋಗಿ ನಿಲ್ಲುತ್ತವೆ ಎಂದು. ಅವಳ ನಗು ಸ್ವಲ್ಪ ಕಡಿಮೆಯಾಯಿತು. ಅದೇ ತೊಡಕು ಎಂದಳು. ಗೋಡೆಯ ಆಚೆ ಬಯಲಿದ್ದರೆ ಸರಿ. ಆಚೆಯೂ ಸಣ್ಣ ಸಂದಿಯಾದರೆ ಅಲ್ಲಿ ಬಿಸಿ ತುಂಬಿ, ಗೋಡೆಯನ್ನೇ ಕಾಯಿಸಿ, ಹಿಂಬಾಗಿಲಿನಿಂದ ಮತ್ತೆ ಒಳಗೇ ಬರುತ್ತದೆ. ಪ್ರಬಂಧದ ಕೊನೆಯ ಅಧ್ಯಾಯ ಇದರ ಮೇಲೆಯೇ ಇದೆ, ತನಗೆ ಪೂರ್ತಿ ಧೈರ್ಯ ಇಲ್ಲದ ಅಧ್ಯಾಯವೂ ಅದೇ, ಪರೀಕ್ಷಕರು ಅಲ್ಲಿಯೇ ಹಿಡಿಯುತ್ತಾರೆ ಎಂದಳು. ನಾನು ಎಳೆ ಗಂಟುಹಾಕಿ ಮಗ್ಗ ಚಾಲೂ ಮಾಡಿದೆ.

ಅಂದು ಸಂಜೆ ಅವಳು ತನ್ನ ಪ್ರಯೋಗಾಲಯದ ಯಂತ್ರದ ಫೋಟೋ ಮೊಬೈಲಿನಲ್ಲಿ ತೋರಿಸಿದಳು. ಆಳೆತ್ತರದ ಯಂತ್ರ, ಹಿತ್ತಾಳೆಯ ಬಣ್ಣದ ತಟ್ಟೆಗಳು ಒಂದರ ಕೆಳಗೊಂದು ತೂಗುಬಿದ್ದಿದ್ದವು. ಅದರ ತಳದಲ್ಲಿ ಅವಳ ಸಣ್ಣ ಸಾಮಾನು ಇರುತ್ತದೆ, ಅಲ್ಲಿಯ ತಂಪಿನ ಮುಂದೆ ಹಿಮಾಲಯವೂ ಒಲೆ ಎಂದಳು. ನನ್ನ ಅವ್ವ, ಅಂದರೆ ಅವಳ ಆಯಿ, ಕನ್ನಡಕ ಏರಿಸಿ ಫೋಟೋ ನೋಡಿ, ಇದರ ಮುಂದೆ ಎಷ್ಟು ವರ್ಷ ಕುಳಿತೆ ಎಂದು ಕೇಳಿದಳು. ಐದಾರು ವರ್ಷ ಎಂದಳು ಮಗಳು. ಅವ್ವನ ಹಣೆಯ ಮೇಲೆ ಒಂದು ಗೆರೆ ಎದ್ದಿತು. ಆ ಗೆರೆಗೆ ಆಗಲೇ ಏನಾದರೂ ಮಾಡಬೇಕಿತ್ತು.

ಪರೀಕ್ಷೆಯ ದಿನ ಮುಂದೆ ಹೋಯಿತು, ಹೆರಿಗೆಯ ದಿನ ಮೊದಲೇ ಬಂತು. ಜಮಖಂಡಿಯ ದವಾಖಾನೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ತಾಯಿ ಮಗು ಇಬ್ಬರೂ ಛಲೋ ಇದ್ದರು. ಆದರೆ ಕೂಸಿನ ತೊಟ್ಟಿಲ ಕಾರ್ಯ ಮುಗಿದ ಮೂರನೆಯ ದಿನಕ್ಕೆ ಪರೀಕ್ಷೆ ಬಿದ್ದಿತು. ಪರೀಕ್ಷಕರಲ್ಲಿ ಒಬ್ಬರು ವಿದೇಶದವರು, ಅವರಿಗೆ ಬೇರೆ ದಿನ ಇರಲಿಲ್ಲ. ಆ ತಿಂಗಳು ದಾಟಿದರೆ ಮಗಳ ನೋಂದಣಿಯ ಅವಧಿಯೇ ಮುಗಿದುಹೋಗುತ್ತಿತ್ತು. ಒಂದು ಸಾರಿ ಹೆಚ್ಚಿಸಿ ಕೊಟ್ಟಾಗಿತ್ತು, ಇನ್ನೊಂದು ಸಾರಿ ಕೊಡುವುದಿಲ್ಲ ಎಂದು ಕಚೇರಿಯವರು ಹೇಳಿದ್ದರು. ಆ ದಿನ ಪರೀಕ್ಷೆ ಆಗದಿದ್ದರೆ ಅಷ್ಟು ವರ್ಷದ ಓದಿಗೆ ಪದವಿ ಇಲ್ಲ. ಕೂತಲ್ಲೇ ಕಂಪ್ಯೂಟರಿನ ಮುಂದೆ ಉತ್ತರ ಕೊಡಬಹುದು ಎಂದು ಅವಳ ಗೈಡ್ ಸರ್ ಒಪ್ಪಿಗೆ ತಂದರು. ಕೂತಲ್ಲೇ ಎಂದರೆ ಬಾಣಂತಿ ಕೋಣೆಯಲ್ಲೇ.

ಬಾಣಂತಿ ಕೋಣೆ ಎಂದರೆ ಅವ್ವನ ರಾಜ್ಯ. ಕಿಟಕಿಗೆ ಕೌದಿ, ಬಾಗಿಲಿಗೆ ಕೌದಿ. ತಲೆಗೆ ಬಟ್ಟೆ, ಕಿವಿಗೆ ಅರಳೆ. ಬಾಣಂತಿ ಮಲಗುವ ಹೊರಸಿನ ಕೆಳಗೆ ಅಗ್ಗಿಷ್ಟಿಗೆ, ಅದರಲ್ಲಿ ಕೆಂಡ, ಕೆಂಡದ ಮೇಲೆ ಅಜವಾನದ ಹೊಗೆ. ಫ್ಯಾನಿನ ಗುಂಡಿಗೆ ಅವ್ವ ದಾರ ಕಟ್ಟಿ ಗಂಟು ಹಾಕಿದ್ದಳು. ನನ್ನ ಹೆಂಡತಿಯ ಬಾಣಂತನದಲ್ಲಿಯೂ ಹೀಗೇ ಇತ್ತು, ಆದರೆ ಆಗ ಅಗ್ಗಿಷ್ಟಿಗೆ ಒಂದಿತ್ತು. ಈ ಸಾರಿ ಎರಡು. ಮಾರ್ಚ್ ಕೊನೆ, ಹೊರಗೆ ಬಿಸಿಲಿಗೆ ನಾಯಿಗಳು ಗಟಾರದಲ್ಲಿ ಮಲಗುವ ಕಾಲ. ಎರಡು ಯಾಕೆ ಎಂದು ಹೆಂಡತಿ ಕೇಳಿದ್ದಕ್ಕೆ ಅವ್ವ ಕೊಟ್ಟ ಉತ್ತರ ಇದು:

“ಐದಾರ ವರ್ಷ ಆ ಥಂಡಿ ಮಶಿನ್ ಮುಂದ ಕುಂತಾಳ. ಎಲವಿನ್ಯಾಗ ಥಂಡಿ ಹೊಕ್ಕ ಕುಂತೈತಿ. ಒಂದ ಅಗ್ಗಿಷ್ಟಿಗಿಗಿ ಅದು ಇಳೀತೈತೇನ?”

ಯಂತ್ರದ ತಂಪು ಯಂತ್ರದ ಒಳಗೇ ಇರುತ್ತದೆ, ತಾನು ಹೊರಗೆ ಚಪ್ಪಲಿ ಬಿಟ್ಟು ಕುರ್ಚಿಯ ಮೇಲೆ ಕೂರುತ್ತಿದ್ದೆ, ಸೆಖೆಗೆ ನೀರು ಕುಡಿಯುತ್ತಿದ್ದೆ ಎಂದು ಮಗಳು ನಾನಾ ರೀತಿ ಹೇಳಿದಳು. ಅವ್ವ ಕೇಳಿಕೊಂಡು, ಹೌದು ಹೌದು ಎಂದು, ಎರಡನೆಯ ಅಗ್ಗಿಷ್ಟಿಗೆಗೆ ಕೆಂಡ ಹಾಕಿದಳು. ತಂಪಿನಲ್ಲಿ ಡಾಕ್ಟರಾಗಲು ಹೊರಟವಳು ಹೊರಸಿನ ಮೇಲೆ ಬದನೆಕಾಯಿಯಂತೆ ಸುಡುತ್ತಾ ಮಲಗಿದ್ದಳು.

ನನ್ನ ಪಾಲಿಗೆ ಇನ್ನೊಂದು ಕೆಲಸವಿತ್ತು. ನಮ್ಮ ಓಣಿಯಲ್ಲಿ ಮಗ್ಗಗಳು ನಡೆದಿರುವಾಗ ಪಕ್ಕದಲ್ಲಿ ಕುಳಿತವನ ಮಾತೇ ಕೇಳುವುದಿಲ್ಲ. ವಿದೇಶದವನ ಇಂಗ್ಲಿಷು ಹೇಗೆ ಕೇಳೀತು. ನನ್ನ ಮಗ್ಗ ನಾನು ನಿಲ್ಲಿಸಿಯೇನು, ಎಡಬಲದವರದು? ಯಾರ ಬಾಗಿಲಿಗೂ ಏನನ್ನೂ ಬೇಡಲು ಹೋದವನಲ್ಲ ನಾನು. ಹೋಗಬೇಕಾಯಿತು. ಮೊದಲು ಆ ಫ್ರಿಜ್ಜಿನವನ ಮನೆಗೇ ಹೋದೆ. ವಿಷಯ ಹೇಳಿದೆ, ಒಂದು ಹೊತ್ತು ಮಗ್ಗ ಬಂದ್ ಇಡು ಎಂದೆ. ಅವನು ನೂಲು ಸುತ್ತಿದ ಕಂಡಿಕೆ ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದ. ನಾನು ಬೇಡುವುದನ್ನು ಅವನೂ ಅಂದೇ ಮೊದಲು ಕಂಡದ್ದು.

“ನಮ್ಮ ಫ್ರಿಜ್ ಹಂಗ ಉಳೀತಲೇ,” ಎಂದ. ಆಮೇಲೆ, “ನಿಂದ ಮಗ್ಗ ಸುರು ಆದ ಮ್ಯಾಲೇ ನಂದ ಸುರು. ಅಲ್ಲೀತನಾ ಕೈ ಹಚ್ಚೂದಿಲ್ಲ, ಹೋಗು.” ಉಳಿದವರಿಗೆ ನಾನು ಹೇಳಬೇಕಾಗಲಿಲ್ಲ, ಅವನೇ ಹೇಳಿದ.

ಅಂದು ಬೆಳಿಗ್ಗೆ ಓಣಿ ಸುಮ್ಮನಾಯಿತು. ಕರೆಂಟು ಹೋದಾಗಲೂ ಅಷ್ಟು ಸುಮ್ಮನಾಗುವುದಿಲ್ಲ, ಆಗ ಮಂದಿ ಮಾತಾಡುತ್ತಾರೆ. ಹೆಂಡತಿ ಮಗಳ ತಲೆ ಬಾಚಿ, ಮೇಲೆ ಬಟ್ಟೆ ಕಟ್ಟಿ, ಹಸಿರು ಸೀರೆಯ ಸೆರಗು ಸರಿಮಾಡಿ ಹೊರಸಿನ ಮೇಲೆ ಕೂರಿಸಿದಳು. ಅವ್ವ ಕೌದಿ ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟಳು, ಮೆತ್ತಗಿರಲಿ ಎಂದು. ಮಗ್ಗದ ಮನೆಯಲ್ಲಿ ನೂಲಿನ ಧೂಳು ಎಲ್ಲದರ ಮೇಲೂ ಕೂರುತ್ತದೆ. ಹಾಗಾಗಿ ನಮ್ಮಲ್ಲಿ ಟೀವಿ, ಮಿಕ್ಸರು, ಹೊಲಿಗೆ ಯಂತ್ರ ಎಲ್ಲಕ್ಕೂ ಒಂದೊಂದು ಬಟ್ಟೆಯ ಅಂಗಿ. ಲ್ಯಾಪ್‌ಟಾಪಿಗೂ ಹೆಂಡತಿ ಹೊಲಿದಿದ್ದಳು, ತೆರೆ, ಗುಂಡಿಗಳ ಭಾಗ ಮಾತ್ರ ಬಿಟ್ಟು ಹಿಂದೆ ಮುಂದೆ ಬಿಗಿಯಾಗಿ ಕೂರುವಂತೆ. ನಮ್ಮದೇ ಕೆಂಪು ದಡಿಯ ಸೀರೆಯ ತುಂಡು. ಬಹಳ ಚಂದ ಕಾಣುತ್ತಿತ್ತು.

ನಾನು ಬಾಗಿಲ ಹೊರಗೆ ಕೌದಿಯ ಈಚೆ ಕುಳಿತೆ, ಯಾರೂ ಒಳಗೆ ನುಗ್ಗದಂತೆ. ಹೆಂಡತಿ ಕೂಸು ಎತ್ತಿಕೊಂಡು ಅಡುಗೆಮನೆಯಲ್ಲಿದ್ದಳು. ಅವ್ವ ಮಾತ್ರ ಒಳಗೆ, ಮೂಲೆಯಲ್ಲಿ, ಯಾರಿಗೂ ಕಾಣದಂತೆ. ಮಗಳು ಇಂಗ್ಲಿಷಿನಲ್ಲಿ ಸುರು ಮಾಡಿದಳು. ಒಂದು ಮಾತೂ ನನಗೆ ತಿಳಿಯಲಿಲ್ಲ, ಆದರೆ ನೇಯ್ಗೆ ಸರಿ ಬರುತ್ತಿದೆಯೋ ಇಲ್ಲವೋ ಎಂಬುದು ಸಪ್ಪಳದಲ್ಲೇ ತಿಳಿಯುತ್ತದೆ. ಲಾಳಿ ಹೋಗಿ ಬರುವಂತೆ ಅವಳ ಮಾತು ಹೋಗಿ ಬರುತ್ತಿತ್ತು.

ಆಮೇಲೆ ಎಳೆ ಕಡಿಯಿತು.

ಒಂದು ಮಾತಿನ ನಡುವೆಯೇ ನಿಂತಳು. ನಾನು ಕಾಯ್ದೆ. ಓಣಿ ಸುಮ್ಮನಿದ್ದದ್ದಕ್ಕೋ ಏನೋ, ಒಳಗೆ ಅವಳು ಗುಂಡಿ ಒತ್ತುವ ಟಕ್ ಟಕ್ ಸಪ್ಪಳವೂ ಕೇಳಿತು. ಆಮೇಲೆ ಮೆಲ್ಲಗೆ ಕರೆದಳು, “ಅಪ್ಪಾ.”

ಕೌದಿ ಸರಿಸಿ ಒಳಗೆ ಹೋದೆ. ಹೋದದ್ದೇ ಮೈಮೇಲೆ ಭಟ್ಟಿಯ ಉಸಿರು ಬಡಿದಂತಾಯಿತು. ಲ್ಯಾಪ್‌ಟಾಪಿನ ತೆರೆ ಕಪ್ಪಾಗಿತ್ತು. ಮಗಳು ಅದರ ಹೊಟ್ಟೆಗೆ ಅಂಗೈ ಹಚ್ಚಿ ತೆಗೆದಳು, ನಾನೂ ಹಚ್ಚಿದೆ, ರೊಟ್ಟಿಯ ಹಂಚು. ಕರೆಂಟಿತ್ತು, ಕೆಟ್ಟಿರಲಿಲ್ಲ, ಕಾದು ಕಾದು ತಾನೇ ಕಣ್ಣು ಮುಚ್ಚಿತ್ತು. ಮತ್ತೆ ಹಚ್ಚಿದರೆ ಹತ್ತುತ್ತದೆ, ಕ್ಷಣದಲ್ಲಿ ಆರುತ್ತದೆ. ಮೊಬೈಲಿನಿಂದ ಗೈಡ್ ಸರ್‌ಗೆ ಹೇಳಿದಳು. ಹದಿನೈದು ನಿಮಿಷ ಕಾಯುವಂತೆ ಮಾಡುತ್ತೇನೆ, ಅದಕ್ಕಿಂತ ಹೆಚ್ಚು ಆ ವಿದೇಶದವರನ್ನು ಹಿಡಿದಿಡಲಾರೆ ಎಂದರಂತೆ ಅವರು. ಪ್ರಬಂಧದ ಚಿತ್ರಗಳೆಲ್ಲ ಇದ್ದದ್ದು ಆ ಲ್ಯಾಪ್‌ಟಾಪಿನಲ್ಲೇ.

ನಾನು ಬಗ್ಗಿ ನೋಡಿದೆ. ಕೆಳಗೆ ಎರಡು ಅಗ್ಗಿಷ್ಟಿಗೆ ಕೆಂಪಗೆ ನಗುತ್ತಿದ್ದವು. ಮೇಲೆ ಕೌದಿ, ಕೌದಿಯ ಮೇಲೆ ಅದು, ಅದರ ಮೇಲೆ ಕೆಂಪು ದಡಿಯ ಅಂಗಿ. ಅಂಗಿ ಕಳಚಿದೆ. ಗಾಳಿ ಹೊರಗೆ ಬಿಡುವ ಸಂದಿಯಲ್ಲಿ ನಮ್ಮ ಮನೆಯ ನೂಲಿನ ಧೂಳು ಕಂಬಳಿಯಂತೆ ಕೂತಿತ್ತು. ಹಾಸಿನ ಎಳೆ ಹಿಡಿಯುವ ಚಿಮಟ ಸದಾ ನನ್ನ ಕಿಸೆಯಲ್ಲಿರುತ್ತದೆ. ಅದರಿಂದ ಎಳೆದು ತೆಗೆದೆ. ಬೆರಳುದ್ದ ಬಂತು. ಅಷ್ಟಕ್ಕೇ ಆಗುತ್ತಿರಲಿಲ್ಲ. ಕೋಣೆಯೇ ಕಾದಿರುವಾಗ ಸಂದಿ ತೆರೆದರೆ ಒಳಗಿನ ಬಿಸಿ ಹೋಗುವುದೆಲ್ಲಿಗೆ? ಗೋಡೆಯ ಆಚೆ ಬಯಲಿಲ್ಲ. ಮಗಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಕಟ್ಟೆಯ ಮೇಲೆ ಕುಳಿತು ಹೇಳಿದ್ದು ಇಬ್ಬರಿಗೂ ನೆನಪಾಯಿತು.

“ಅಪ್ಪಾ, ಪರಾತ ತಾ. ಹರವಿ ನೀರ ಹಾಕ್ಕೊಂಡ ತಾ. ಮತ್ತ ಹಿತ್ತಾಳಿ ಬೋಗಾಣಿ.”

ಬೀಳಗಿಯ ತವರಿನವರು ನನ್ನ ಹೆಂಡತಿಗೆ ಮದುವೆಯಲ್ಲಿ ಕೊಟ್ಟ ಪರಾತ ಅದು, ಹಿಟ್ಟು ನಾದುವುದು, ಇಬ್ಬರು ಎತ್ತಬೇಕಾದಷ್ಟು ಅಗಲ. ಅದರಲ್ಲಿ ಮಣ್ಣಿನ ಹರವಿಯ ತಣ್ಣೀರು ಸುರಿದು, ನಡುವೆ ಬೋಗಾಣಿ ಬೋರಲು ಇಟ್ಟರೆ ಅದರ ತಳ ನೀರಿನಿಂದ ಮೇಲೆ ಕಟ್ಟೆಯಂತೆ ನಿಲ್ಲುತ್ತದೆ. ಆ ಕಟ್ಟೆಯ ಮೇಲೆ ಲ್ಯಾಪ್‌ಟಾಪ್. ಹಿತ್ತಾಳೆ ಬಿಸಿಯನ್ನು ಕುಡಿದು ನೀರಿಗೆ ಉಗುಳುತ್ತದೆ. ಇದು ಅವಳ ಲೆಕ್ಕ. ತರುವುದಷ್ಟು ನನ್ನ ಕೆಲಸ, ಓಡಿ ತಂದೆ. ಉಳಿದದ್ದು ಕೆಂಡ ಮತ್ತು ಬಾಗಿಲು. ಅವೆರಡೂ ನನ್ನ ಕೈಯಲ್ಲಿರಲಿಲ್ಲ.

ಅಗ್ಗಿಷ್ಟಿಗೆಗೆ ಕೈ ಹಾಕಿದೆ. ಅವ್ವ ಮೂಲೆಯಿಂದ ಎದ್ದು ಬಂದು ನನ್ನ ಕೈ ಹಿಡಿದಳು. ಬಾಣಂತಿಯ ಮೈಗೆ ಒಂದು ಸಾರಿ ಗಾಳಿ ಹೊಕ್ಕರೆ ಮುಪ್ಪಿನವರೆಗೆ ಬಿಡುವುದಿಲ್ಲ, ನಿಮ್ಮ ಓದು ನಾಳೆಯೂ ಇದ್ದೀತು, ಮೈ ನಾಳೆಗೆ ಸಿಗದು ಎಂದಳು. ಅವಳು ಹಟಕ್ಕೆ ಹೇಳಲಿಲ್ಲ. ಅವಳ ಸ್ವಂತ ತಂಗಿ ಬಾಣಂತನದಲ್ಲಿ ನಡುಗಿ ನಡುಗಿ ತೀರಿಕೊಂಡದ್ದನ್ನು ಕಂಡವಳು. ಅದು ನನಗೆ ಗೊತ್ತಿತ್ತು. ಹಾಗಾಗಿ ಕೈ ಕೊಸರಿಕೊಳ್ಳಲು ಆಗಲಿಲ್ಲ. ಗೋಡೆಯ ಗಡಿಯಾರ ನೋಡಿದೆ. ಒಂದು ಮನೆಯಲ್ಲಿ ಇಬ್ಬರೂ ಖರೆ ಹೇಳುವಾಗ ನಡುವೆ ನಿಂತ ಗಂಡಸಿಗಿಂತ ನಿರುಪಯೋಗಿ ಸಾಮಾನು ಇನ್ನೊಂದಿಲ್ಲ.

ಮಗಳು ಹೊರಸಿನಿಂದ ಕೆಳಗಿಳಿದು ಅವ್ವನ ಕೈ ತೆಗೆದುಕೊಂಡು ತನ್ನ ಕುತ್ತಿಗೆಗೆ ಇಟ್ಟುಕೊಂಡಳು. ಬೆವರು ಹರಿಯುತ್ತಿತ್ತು.

“ಆಯಿ, ಥಂಡಿ ಎಲ್ಲಾ ಇಳದ ಹೋಗೇತಿ, ನೋಡು. ಈಗ ಬಿಸಿಗಿ ಹೋಗಾಕ ಹಾದಿ ಬೇಕ. ಇಲ್ಲಂದ್ರ ನಂದೂ ಹಿಂಗ ಬಂದ್ ಆಕ್ಕೈತಿ.”

ಅವ್ವ ಕುತ್ತಿಗೆ ಮುಟ್ಟಿ ನೋಡಿದಳು, ಬೆನ್ನು ಮುಟ್ಟಿ ನೋಡಿದಳು, ಅಂಗಾಲು ಮುಟ್ಟಿ ನೋಡಿದಳು. ತನ್ನ ಕೈಗೆ ಒಪ್ಪಿಗೆಯಾಗುವವರೆಗೆ ಅವಳು ಯಾರ ಮಾತಿಗೂ ಒಪ್ಪುವವಳಲ್ಲ. ಆಮೇಲೆ ಇಕ್ಕಳ ತೆಗೆದುಕೊಂಡು ಒಂದು ಅಗ್ಗಿಷ್ಟಿಗೆಯನ್ನು ತಾನೇ ಹೊರಗೆ ಒಯ್ದಳು. ತಿರುಗಿ ಬಂದು ಎರಡನೆಯದನ್ನೂ ಒಯ್ದಳು. ಕಿಟಕಿಯ ಕೌದಿ ತೆಗೆಸಲಿಲ್ಲ, ಬಾಗಿಲಿನದನ್ನು ತೆಗೆಸಿದಳು. ತೆಗೆಸಿ, ಆ ಹೊಸ್ತಿಲಿನ ಮೇಲೆ ಒಳಗೆ ಬೆನ್ನು, ಹೊರಗೆ ಮುಖ ಮಾಡಿ, ಸೆರಗು ಅಗಲವಾಗಿ ಹೊದ್ದು ಕುಳಿತುಬಿಟ್ಟಳು.

“ಬಿಸಿ ನನ್ನ ತಲಿ ಮ್ಯಾಲಿಂದ ಹೊರಗ ಹೋಗ್ಲಿ,” ಎಂದಳು. “ಗಾಳಿ ಒಳಗ ಬರೂದಿದ್ರ ನನ್ನ ಹಾಯ್ದ ಬರ್ಲಿ.”

ಮಗಳು ನೆಲದ ಮೇಲೆ ಮಣೆ ಹಾಕಿ ಕುಳಿತಳು, ಮುಂದೆ ಪರಾತ, ನೀರು, ಬೋಗಾಣಿ, ಅದರ ಮೇಲೆ ಲ್ಯಾಪ್‌ಟಾಪ್. ಗುಂಡಿ ಒತ್ತಿದಳು. ಹತ್ತಿತು. ಈಗ ಆರುತ್ತದೆ ಎಂದುಕೊಂಡೆ. ಆರಲಿಲ್ಲ. ತೆರೆಯ ಮೇಲೆ ಒಬ್ಬೊಬ್ಬರ ಮುಖ ಬಂತು, ಗೈಡ್ ಸರ್ ಏನೋ ಹೇಳಿದರು, ವಿದೇಶದವರು ತಲೆಯಾಡಿಸಿದರು. ನಾನು ಹಿಂದಕ್ಕೆ ಸರಿದು ಗೋಡೆಗೆ ಒರಗಿದೆ. ಹೊರಗೆ ಹೋಗಲು ಹಾದಿ ಇರಲಿಲ್ಲ, ಹೊಸ್ತಿಲಲ್ಲಿ ಅವ್ವ.

ಹಾಗಾಗಿ ಕೊನೆಯ ಪ್ರಶ್ನೆ ಬಂದಾಗ ನಾನು ಒಳಗಿದ್ದೆ. ಕೇಳಿದವರು ವಿದೇಶದವರು, ಬಿಳಿ ಗಡ್ಡದ ಹಿರಿಯರು. ಪ್ರಶ್ನೆ ಗಿಡ್ಡದು. ಕೇಳಿ ಕೈಕಟ್ಟಿ ಕುಳಿತರು. ಮಗಳು ಬಾಯಿ ತೆರೆದಳು, ಮುಚ್ಚಿದಳು. ಅದೇ ಅಧ್ಯಾಯ ಎಂದು ಅವಳ ಬೆನ್ನು ನೋಡಿಯೇ ನನಗೆ ತಿಳಿಯಿತು. ಆಮೇಲೆ ಅವಳ ಬಲಗೈ ತಾನಾಗಿ ಕೆಳಗಿಳಿದು ಪರಾತದ ನೀರಿನಲ್ಲಿ ಮುಳುಗಿತು. ಎಷ್ಟು ಬೆಚ್ಚಗಾಗಿದೆ ಎಂದು ನೋಡಿದಳೋ, ಸುಮ್ಮನೆ ಇಟ್ಟಳೋ. ಕೈ ನೀರಿನಲ್ಲಿ ಇಟ್ಟುಕೊಂಡೇ ಮಾತಾಡತೊಡಗಿದಳು. ಮೊದಲು ಮೆಲ್ಲಗೆ, ಆಮೇಲೆ ಮಗ್ಗ ವೇಗ ಹಿಡಿದಂತೆ. ನಡುವೆ ಹಿರಿಯರು ತಡೆದರು, ಅವಳು ಬಿಡಲಿಲ್ಲ. ಮತ್ತೆ ತಡೆದರು, ಅವಳು ಹೌದು ಎಂದು ಒಪ್ಪಿ ಮತ್ತೇನೋ ಸೇರಿಸಿದಳು. ಕೊನೆಗೆ ಹಿರಿಯರು ನಕ್ಕರು. ಆ ನಗು ನನಗೆ ಗೊತ್ತು. ಸೀರೆ ತಿರುವಿ ಹಾಕಿ ತಪ್ಪು ಹುಡುಕಿದ ವ್ಯಾಪಾರಿ ಮಡಿಚಿ ಇಡುವಾಗ ಹಾಗೆ ನಗುತ್ತಾನೆ.

ಏನು ಕೇಳಿದರು ಎಂದು ಆಮೇಲೆ ಕೇಳಿದೆ. ನೀವು ಹೊರಗೆ ಕಳಿಸಿದ ಬಿಸಿ ಎಲ್ಲಿಗೆ ಹೋಯಿತು ಎಂದು ಕೇಳಿದರಂತೆ. ಏನು ಹೇಳಿದೆ ಎಂದೆ. ಪೂರ್ತಿ ಹೊರಗೆ ಹೋಗಿಲ್ಲ, ಒಂದು ಪಾಲು ಹಿಂದಕ್ಕೆ ಬಂದಿದೆ, ಅದನ್ನು ಮುಚ್ಚಿಡುವುದಿಲ್ಲ. ಹೊರಗೆ ಬಿಸಿ ಕುಡಿಯುವ ಜಾಗ ದೊಡ್ಡದಿದ್ದಷ್ಟೂ ಹಿಂದೆ ಬರುವುದು ಕಡಿಮೆ, ಮುಂದಿನ ಸಾಮಾನನ್ನು ಹಾಗೆ ಮಾಡುತ್ತೇನೆ ಎಂದೆ, ಎಂದಳು. ಬರೆದ ಅಧ್ಯಾಯದಲ್ಲಿ ಇಷ್ಟು ಬಿಚ್ಚಿ ಹೇಳಲು ತನಗೆ ಅಂಜಿಕೆ ಇತ್ತಂತೆ.

ಪರೀಕ್ಷಕರು ತಮ್ಮತಮ್ಮಲ್ಲಿ ಮಾತಾಡಲು ಅವಳನ್ನು ಸ್ವಲ್ಪ ಹೊತ್ತು ಹೊರಗಿಟ್ಟರು. ಆ ಹೊತ್ತಿನಲ್ಲಿ ಅಡುಗೆಮನೆಯಿಂದ ಕೂಸು ಅತ್ತಿತು. ಅವ್ವನ ತಲೆಯ ಮೇಲಿಂದ ಹೆಂಡತಿ ಕೂಸನ್ನು ಒಳಗೆ ದಾಟಿಸಿದಳು. ಮಗಳು ಸೆರಗಿನೊಳಗೆ ತೆಗೆದುಕೊಂಡು ಹಾಲು ಕೊಟ್ಟಳು, ಕಣ್ಣು ಮಾತ್ರ ತೆರೆಯ ಮೇಲೆ. ಮುಖಗಳು ತಿರುಗಿ ಬಂದವು. ಗೈಡ್ ಸರ್ ಹೇಳಿದ್ದರಲ್ಲಿ ನನಗೆ ತಿಳಿದದ್ದು ‘ಡಾಕ್ಟರ್’ ಎಂಬ ಒಂದು ಶಬ್ದ. ಅಷ್ಟು ಸಾಕಿತ್ತು. ಗೋಡೆಗುಂಟ ಕೆಳಗೆ ಜಾರಿ ಕುಳಿತೆ. ಎದೆಯ ಮೇಲಿನಿಂದ ಯಾರೋ ನೂಲಿನ ಮೂಟೆ ಇಳಿಸಿದಂತೆ. ಮಗಳು ಅಳಲಿಲ್ಲ, ನಗಲಿಲ್ಲ. ಲ್ಯಾಪ್‌ಟಾಪು ಮುಚ್ಚಿ, ಅದರ ಹೊಟ್ಟೆ ಮುಟ್ಟಿ ನೋಡಿ, “ತಣ್ಣಗೈತಿ ಅಪ್ಪಾ,” ಎಂದಳು.

ಅವ್ವ ಹೊಸ್ತಿಲಿನಿಂದ ತಿರುಗದೆಯೇ ಕೇಳಿದಳು, ಆಯಿತೇನು ಎಂದು. ಆತು ಎಂದೆ. ಎದ್ದಳು, ಸೊಂಟ ನೆಟ್ಟಗೆ ಮಾಡಿಕೊಂಡಳು, ಹೊರಗೆ ಹೋಗಿ ಅಗ್ಗಿಷ್ಟಿಗೆ ಊದಿ ಕೆಂಡ ಎಬ್ಬಿಸಿ ಒಳಗೆ ತಂದಿಟ್ಟಳು. ಒಂದೇ ಒಂದನ್ನು.

ನಾನು ಮಗ್ಗದ ಮನೆಗೆ ಹೋದೆ. ಸ್ವಿಚ್ಚಿನ ಮೇಲೆ ಕೈಯಿಟ್ಟು ಒಂದು ಗಳಿಗೆ ನಿಂತೆ. ಗೋಡೆ ಜಿಗಿದು ಬಂದ ದಿನ ಎಣ್ಣೆಡಬ್ಬಿ ಹಿಡಿದು ನಿಂತದ್ದೂ ಅದೇ ಜಾಗ. ಬೇರೆ ಏನನ್ನೂ ಯೋಚಿಸಲಿಲ್ಲ. ಗುಂಡಿ ಒತ್ತಿದೆ, ಮಗ್ಗ ನಡೆಯಿತು. ಅದರ ಹಿಂದೆಯೇ ಪಕ್ಕದವನದು ಸುರುವಾಯಿತು, ಅವನ ಆಚೆಯವನದು, ಎದುರಿನವನದು. ಓಣಿಯ ಆ ತುದಿಯವರೆಗೆ ಸಪ್ಪಳ ಹರಿದುಹೋಯಿತು. ಯಾರಿಗೂ ಹೋಗಿ ಹೇಳಬೇಕಾಗಲಿಲ್ಲ. ಸಂಜೆ ಪಕ್ಕದವನು ಬಂದು, ಕೆಟ್ಟ ಫ್ರಿಜ್ಜನ್ನು ಗುಜರಿಯ ಮೋಡಕಾದವನಿಗೆ ಕೊಟ್ಟುಬಿಟ್ಟೆ, ಡಾಕ್ಟರ ಕಡೆಯಿಂದ ರಿಪೇರಿ ಮಾಡಿಸಿದರೆ ನಮ್ಮ ಮನೆಗೆ ಶೋಭೆಯಲ್ಲ ಎಂದ. ಅವನಿಗೆ ಆ ಗೋಡೆ ಜಿಗಿಯುವ ಹುಡುಗರ ಮಾತು ಹೇಳಿದೆ. ಚಹಾ ಆರುವವರೆಗೆ ಕೇಳಿದ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಆರು ಪಾವರ್‌ಲೂಮು. ಅಪ್ಪನ ಒಂದು ಕೈಮಗ್ಗ. ಬೀಳಗಿಯ ಒಂದು ಪರಾತ, ಒಂದು ಬೋಗಾಣಿ. ಎರಡು ಅಗ್ಗಿಷ್ಟಿಗೆ, ಒಂದು ಅಟ್ಟದ ಮೇಲೆ. ಒಬ್ಬಳು ಅವ್ವ, ಒಬ್ಬಳು ಹೆಂಡತಿ, ಒಬ್ಬಳು ಮಗಳು, ಒಬ್ಬ ಅಳಿಯ, ಒಬ್ಬಳು ಮೊಮ್ಮಗಳು.